ದೊಡ್ಡ ಟೈರ್ ಹಾಕೋ ಮೊದ್ಲು ಆಕ್ಸಲ್ ಶಾಫ್ಟ್ ನೋಡಿ

ಹೋದ ಸಲ ಮೆಣಸಿನ ಬಳ್ಳಿಗೆ ಬೋರ್ಡೋ ಹೊಡೆಯೋ ವಿಚಾರ ಬರೆದಿದ್ದೆ. ಈ ಸಲ ಬೆಳೆ ವಿಷಯ ಬಿಟ್ಟು ಜೀಪಿನ ವಿಷಯ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಇದ್ದಾಗ ಓದಿ.

ನಮ್ಮ ಸಕಲೇಶಪುರ, ಮೂಡಿಗೆರೆ ಕಡೆ ಜೀಪು ಇಲ್ಲದ ತೋಟ ಹುಡುಕೋದು ಕಷ್ಟ. ಮಹೀಂದ್ರಾದವರು 1940ರ ದಶಕದ ಕೊನೆಯಲ್ಲಿ ವಿಲ್ಲೀಸ್ ಜೀಪುಗಳನ್ನ ನಮ್ಮ ದೇಶದಲ್ಲಿ ಜೋಡಿಸೋಕೆ ಶುರುಮಾಡಿದ್ರು. ಅದೇ ವಂಶದ ಗಾಡಿಗಳು ಇವತ್ತಿಗೂ ನಮ್ಮಲ್ಲಿ ಗೊಬ್ಬರ ಹೊರ್ತಾ ಇವೆ, ಹಣ್ಣು ಹೊರ್ತಾ ಇವೆ, ಆಳುಗಳನ್ನ ಕರ್ಕೊಂಡು ಬರ್ತಾ ಇವೆ. ಎಂಜಿನ್ ಎರಡು ಸಲ ಬದಲಾಗಿರುತ್ತೆ, ಬಾಡಿ ಮೂರು ಸಲ. ಹಿಂದಿನ ಹೌಸಿಂಗ್ ಒಳಗೆ ಮಲಗಿರೋ ಆಕ್ಸಲ್ ಶಾಫ್ಟ್ ಮಾತ್ರ ಯಾರ ಕಣ್ಣಿಗೂ ಬೀಳಲ್ಲ.

ಈಗ ಎರಡು ಮೂರು ವರ್ಷದಿಂದ ನಮ್ಮ ಹುಡುಗರಿಗೆ ದೊಡ್ಡ ಟೈರಿನ ಹುಚ್ಚು ಹತ್ತಿದೆ. ಅವರದ್ದು ತಪ್ಪು ಅಂತ ನಾನು ಹೇಳಲ್ಲ. ಕೆಸರಲ್ಲಿ ಹೌಸಿಂಗ್ ನೆಲಕ್ಕೆ ತಾಗಲ್ಲ, ಕಲ್ಲು ಮೇಲೆ ಸಲೀಸಾಗಿ ಹತ್ತುತ್ತೆ, ನೋಡೋಕೂ ಚೆಂದ. ಆದ್ರೆ 28 ಇಂಚಿನ ಟೈರ್ ತೆಗೆದು 33 ಇಂಚಿಂದು ಹಾಕಿದ ಮೇಲೆ ಶಾಫ್ಟ್ ಮುರೀತು, ಈಗ ಯಾವ ಶಾಫ್ಟ್ ಹಾಕಲಿ ಅಂತ ನನಗೆ ಫೋನ್ ಮಾಡಿದವರು ಈ ಮಳೆಗಾಲದಲ್ಲೇ ಮೂರು ಜನ. ಒಬ್ಬೊಬ್ಬರಿಗೆ ಹೇಳೋ ಬದಲು ಇಲ್ಲೇ ಬರೀತೀನಿ. ನಾನು ಮೆಕ್ಯಾನಿಕ್ ಅಲ್ಲ. ಆದ್ರೆ ನನ್ನ ಜೀಪಿಗೆ ಶಾಫ್ಟ್ ಆಯ್ಕೆ ಮಾಡೋಕೆ ನಾಲ್ಕು ತಿಂಗಳು ಲೇತ್ ಅಂಗಡಿ, ಗ್ಯಾರೇಜು, ಗುಜರಿ ಎಲ್ಲಾ ಸುತ್ತಿದ್ದೀನಿ, ಬಿಚ್ಚಿ ಕೈಯಲ್ಲಿ ಹಿಡಿದು ನೋಡಿದ್ದೀನಿ.

ಮೊದಲು ಟೈರ್ ದೊಡ್ಡದಾದ್ರೆ ಶಾಫ್ಟಿಗೆ ಏನಾಗುತ್ತೆ ಅಂತ ನೋಡೋಣ. ಲೋಡ್ ತುಂಬಿದ ಜೀಪಲ್ಲಿ ಹಿಂದಿನ ಒಂದು ಚಕ್ರದ ಮೇಲೆ 600 ಕೆ.ಜಿ. ಭಾರ ಕೂತಿದೆ ಅಂತ ಇಟ್ಕೊಳ್ಳಿ. ಒಣಗಿದ ಬಂಡೆ ಮೇಲೆ ಟೈರಿಗೆ ಆ ಭಾರದ ಶೇಕಡ 80ರಷ್ಟು ಹಿಡಿತ ಸಿಗುತ್ತೆ ಅಂದ್ರೆ 480 ಕೆ.ಜಿ. ಇದನ್ನ ಚಕ್ರದ ಮಧ್ಯದಿಂದ ನೆಲದವರೆಗಿನ ದೂರದಿಂದ ಗುಣಿಸಬೇಕು. 28 ಇಂಚಿನ ಟೈರಲ್ಲಿ ಆ ದೂರ ಸುಮಾರು 0.355 ಮೀಟರ್. ಶಾಫ್ಟನ್ನ ತಿರುಚೋ ಬಲ ಸುಮಾರು 170 ಕೆ.ಜಿ.-ಮೀಟರ್ ಆಯ್ತು. 33 ಇಂಚಿಗೆ ದೂರ 0.42 ಮೀಟರ್, ಬಲ 200ಕ್ಕೆ ಹೋಯ್ತು. ಭಾರ ಅದೇ, ಎಂಜಿನ್ ಅದೇ, ಶಾಫ್ಟ್ ಅದೇ. ಆದ್ರೂ ಶೇಕಡ 18ರಷ್ಟು ಜಾಸ್ತಿ ತಿರುಚು. ಉದ್ದ ಹಿಡಿಯ ಪಾನದಲ್ಲಿ ನಟ್ ತಿರುಗಿಸಿದ ಹಾಗೆ.

ಎಂಜಿನ್ ಕಡೆಯಿಂದಲೂ ನೋಡಿ. ಲೆಕ್ಕಕ್ಕೆ ಒಂದು ಡೀಸೆಲ್ ಎಂಜಿನ್ 15 ಕೆ.ಜಿ.-ಮೀಟರ್ ಕೊಡುತ್ತೆ ಅನ್ನಿ. ಫಸ್ಟ್ ಗೇರಲ್ಲಿ 4 ಪಟ್ಟು, ಲೋ ಗೇರಲ್ಲಿ ಎರಡೂವರೆ ಪಟ್ಟು, ಕ್ರೌನ್ ಪಿನಿಯನ್ನಲ್ಲಿ 5 ಪಟ್ಟು. ಒಟ್ಟು 750 ಆಯ್ತು. ಮುಂದಿನ ಚಕ್ರ ಗಾಳಿಯಲ್ಲಿದ್ದು ಅಷ್ಟೂ ಹಿಂದಿನ ಆಕ್ಸಲ್ಲಿಗೆ ಬಂದ್ರೆ ಒಂದೊಂದು ಶಾಫ್ಟಿಗೆ 375. ಅಂದ್ರೆ ಟೈರಿನ ಹಿಡಿತಕ್ಕಿಂತ ಎಂಜಿನ್ ಬಲ ಎಷ್ಟೋ ಜಾಸ್ತಿ. ಇಷ್ಟು ವರ್ಷ ನಮ್ಮ ಶಾಫ್ಟನ್ನ ಉಳಿಸಿದ್ದು ಟೈರ್ ಜಾರೋದು. ಬಲ ಮೀರಿದ ತಕ್ಷಣ ಚಕ್ರ ಜಾರುತ್ತೆ, ಶಾಫ್ಟ್ ಬಚಾವ್. ದೊಡ್ಡ ಟೈರು, ಗಡುಸು ಗಡ್ಡೆ, ಮೇಲೆ ಲೋಡು ಹಾಕಿ ನಾವು ಆ ಜಾರೋದನ್ನೇ ತಪ್ಪಿಸ್ತಾ ಇದ್ದೀವಿ. ಡಿಫರೆನ್ಷಿಯಲ್ಲಿಗೆ ಲಾಕರ್ ಹಾಕಿಸಿದ್ರೆ ಇನ್ನೂ ಕಷ್ಟ. ಒಂದು ಚಕ್ರ ಗಾಳಿಯಲ್ಲಿ ಇದ್ದಾಗ ಆ ಆಕ್ಸಲ್ಲಿನ ಬಲವೆಲ್ಲ ಇನ್ನೊಂದು ಶಾಫ್ಟಿನ ಮೇಲೇ ಬರುತ್ತೆ.

ಇಷ್ಟಾದ್ರೂ ಶಾಫ್ಟ್ ಸುಮ್ಮನೆ ಎಳೆಯುವಾಗ ಮುರಿಯೋದು ಕಡಿಮೆ. ಮುರಿಯೋದು ಏಟಿಗೆ. ಕೆಸರಲ್ಲಿ ಚಕ್ರ ಗಿರಗಿರ ತಿರುಗ್ತಾ ಇರುತ್ತೆ, ಡ್ರೈವರ್ ಕಾಲು ತೆಗೆಯಲ್ಲ, ಟೈರ್ ಕೆಳಗೆ ಹೋಗಿ ಒಂದು ಕಲ್ಲು ಹಿಡಿಯುತ್ತೆ. ಆ ಭಾರದ ಟೈರು, ರಿಮ್ಮು ಒಂದೇ ಕ್ಷಣಕ್ಕೆ ನಿಲ್ಲುತ್ತೆ. ತಿರುಗ್ತಾ ಇದ್ದ ಶಕ್ತಿ ಎಲ್ಲಾ ಶಾಫ್ಟಿಗೆ. ಟೈರ್ ಎಷ್ಟು ಭಾರವೋ ಏಟೂ ಅಷ್ಟು ಜೋರು.

ಇದರಲ್ಲಿ ಜೀವದ ಪ್ರಶ್ನೆ ಇದೆ, ಅದಕ್ಕೇ ಇಷ್ಟು ಬರೀತಿರೋದು. ಹೋದ ಡಿಸೆಂಬರಲ್ಲಿ ಅರೇಬಿಕಾ ಕೊಯ್ಲಿನ ಟೈಮಲ್ಲಿ ಪಕ್ಕದ ತೋಟದ ಗೌಡರ ಜೀಪು ಸಂಜೆ ಹಣ್ಣಿನ ಚೀಲ ಹೊತ್ಕೊಂಡು ಏರು ಹತ್ತುತ್ತಾ ಇತ್ತು. ಚೀಲದ ಮೇಲೆ ಆರು ಜನ ಹೆಂಗಸರು. ನಾನು ಹಿಂದೆ ಬೈಕಲ್ಲಿದ್ದೆ. ಒರತೆ ನೀರು ಹರಿಯೋ ಜಾಗದಲ್ಲಿ ಹಿಂದಿನ ಚಕ್ರ ಜಾರಿ, ಮತ್ತೆ ಕಲ್ಲು ಹಿಡೀತು. ಟಕ್ ಅಂತ ಒಂದು ಶಬ್ದ, ಅಷ್ಟೇ. ಎಂಜಿನ್ ಓಡ್ತಾ ಇದೆ, ಗೇರ್ ಇದೆ, ಗಾಡಿ ಮುಂದೆ ಹೋಗ್ತಾ ಇಲ್ಲ. ನಿಧಾನಕ್ಕೆ ಹಿಂದೆ ಬರೋಕೆ ಶುರುವಾಯ್ತು. ಡ್ರೈವರ್ ಹ್ಯಾಂಡ್ ಬ್ರೇಕ್ ಎಳೆದ, ನಿಲ್ಲಲಿಲ್ಲ. ಕಾಲಿನ ಬ್ರೇಕ್ ಒತ್ತಿ ಹಿಡಿದ, ನಾವು ಓಡಿ ಹೋಗಿ ಚಕ್ರಕ್ಕೆ ಕಲ್ಲು ಕೊಟ್ವಿ. ಹೆಂಗಸರು ಒಬ್ಬೊಬ್ಬರಾಗಿ ಇಳಿದ್ರು. ಯಾರಿಗೂ ಏನೂ ಆಗಲಿಲ್ಲ. ಕೆಳಗಡೆ ದರೆ ಇಪ್ಪತ್ತು ಅಡಿ ಇತ್ತು.

ಹ್ಯಾಂಡ್ ಬ್ರೇಕ್ ಯಾಕೆ ಹಿಡೀಲಿಲ್ಲ ಅಂತ ಎಲ್ಲರೂ ಕೇಳಿದ್ರು. ಹಳೇ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಇರೋದು ಚಕ್ರದಲ್ಲಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ, ಪ್ರೊಪೆಲರ್ ಶಾಫ್ಟ್ ಹತ್ರ ಇರೋ ಡ್ರಮ್ಮಿಗೆ. ಅದು ಪ್ರೊಪೆಲರ್ ಶಾಫ್ಟನ್ನ ಹಿಡಿಯುತ್ತೆ ನಿಜ. ಆದ್ರೆ ಒಂದು ಕಡೆ ಆಕ್ಸಲ್ ಶಾಫ್ಟ್ ಮುರಿದಿದ್ರೆ ಡಿಫರೆನ್ಷಿಯಲ್ ಒಳಗೆ ಆ ಮುರಿದ ತುಂಡು ಸುಮ್ಮನೆ ಉಲ್ಟಾ ತಿರುಗುತ್ತೆ, ಚೆನ್ನಾಗಿರೋ ಕಡೆ ಚಕ್ರವೂ ಆರಾಮಾಗಿ ಉರುಳುತ್ತೆ. ಗೇರಲ್ಲಿ ನಿಲ್ಲಿಸಿದ್ರೂ ಅದೇ ಕಥೆ. ಅವತ್ತು ಗಾಡಿ ಟೂ ವೀಲಲ್ಲಿತ್ತು. ಫೋರ್ ವೀಲ್ ಹಾಕಿ ಮುಂದಿನ ಹಬ್ ಲಾಕ್ ಮಾಡಿದ್ರೆ ಮುಂದಿನ ಆಕ್ಸಲ್ ಆದ್ರೂ ಹಿಡೀತಿತ್ತು. ಹಿಂದಿನ ಶಾಫ್ಟಿನ ಮೇಲೆ ಅಷ್ಟು ಹೊರೆಯೂ ಬೀಳ್ತಿರಲಿಲ್ಲ. ಏರು ಶುರುವಾಗೋ ಮೊದ್ಲೇ ಫೋರ್ ವೀಲ್ ಹಾಕಿ ಅಂತ ಹಿರಿಯರು ಹೇಳ್ತಿದ್ದಿದ್ದು ಸುಮ್ಮನೆ ಅಲ್ಲ.

ಮಾರನೇ ದಿನ ಮೇಸ್ತ್ರಿ ಶಾಫ್ಟ್ ಎಳೆದು ತೆಗೆದ್ರು. ಮುರಿದ ಮುಖದಲ್ಲಿ ಅರ್ಧದಷ್ಟು ಕಂದು ಬಣ್ಣ, ಮರದ ಉಂಗುರದ ಥರ ಗೆರೆ ಗೆರೆ. ಉಳಿದ ಅರ್ಧ ಸಕ್ಕರೆ ಹರಳಿನ ಹಾಗೆ ಹೊಳೀತಿತ್ತು. ಕಂದು ಇದ್ದಿದ್ದು ಹಳೇ ಬಿರುಕು, ದಿನಾ ಒಂದೊಂದು ಕೂದಲೆಳೆಯಷ್ಟು ಬೆಳೆದು ಬಂದಿದ್ದು. ಹೊಳೀತಿದ್ದಿದ್ದು ಅವತ್ತು ಸಂಜೆ ಮುರಿದಿದ್ದು. ಅರ್ಧ ಶಾಫ್ಟಲ್ಲೇ ಆ ಗಾಡಿ ಎಷ್ಟೋ ದಿನದಿಂದ ಆಳುಗಳನ್ನ ಹೊತ್ತು ಓಡಾಡಿದೆ. ಆ ತುಂಡು ನೋಡಿದ ಮೇಲೆ ನನ್ನ ಜೀಪಿನ ಶಾಫ್ಟ್ ಬಿಚ್ಚದೇ ಇರೋಕೆ ಮನಸ್ಸು ಬರಲಿಲ್ಲ.

ಇನ್ನು ಆಯ್ಕೆ ವಿಚಾರ.

ಮೊದಲು ನಿಮ್ಮಲ್ಲಿ ಏನಿದೆ ಅಂತ ತಿಳ್ಕೊಳ್ಳಿ. ಆರ್.ಸಿ. ಪುಸ್ತಕದಲ್ಲಿರೋ ಮಾಡೆಲ್ ಹೆಸರು ನಂಬಬೇಡಿ, ನಮ್ಮ ಗಾಡಿಗಳಿಗೆ ಯಾರ್ಯಾರದ್ದೋ ಹೌಸಿಂಗ್ ಕೂತಿರುತ್ತೆ. ಶಾಫ್ಟ್ ಹೊರಗೆ ಎಳೆದು ತುದಿಯ ಸ್ಪ್ಲೈನ್ ಹಲ್ಲು ಎಣಿಸಿ. ವರ್ನಿಯರಲ್ಲಿ ಹಲ್ಲಿನ ಬುಡದ ದಪ್ಪ ಅಳೆಯಿರಿ, ಯಾಕಂದ್ರೆ ಬಲ ತಡ್ಕೊಳ್ಳೋದು ಬುಡದ ದಪ್ಪ, ಹಲ್ಲಿನ ತುದಿಯಲ್ಲ. ಉದ್ದ ಅಳೆಯಿರಿ. ಡಿಫರೆನ್ಷಿಯಲ್ ಒಂದು ಪಕ್ಕಕ್ಕೆ ಇರೋ ಹೌಸಿಂಗಲ್ಲಿ ಎಡದ ಶಾಫ್ಟು ಬಲದ ಶಾಫ್ಟು ಒಂದೇ ಉದ್ದ ಇರಲ್ಲ.

ದಪ್ಪದ ಲೆಕ್ಕ ಎಲ್ಲರೂ ನೆನಪಿಡಬೇಕಾದ್ದು. ತಿರುಚು ತಡೆಯೋ ಶಕ್ತಿ ದಪ್ಪದ ಘನಕ್ಕೆ ತಕ್ಕ ಹಾಗೆ ಏರುತ್ತೆ. 28 ಮಿ.ಮೀ. ಶಾಫ್ಟ್ ಬದಲು ಅದೇ ಕಬ್ಬಿಣದ 32 ಮಿ.ಮೀ. ಶಾಫ್ಟ್ ಹಾಕಿದ್ರೆ ಶಕ್ತಿ ಸುಮಾರು ಒಂದೂವರೆ ಪಟ್ಟು. ಬರೀ ನಾಲ್ಕು ಮಿಲಿಮೀಟರಿಗೆ ಅಷ್ಟು ವ್ಯತ್ಯಾಸ. ಆದ್ರೆ ದಪ್ಪ ಶಾಫ್ಟ್ ಕೂರಬೇಕಂದ್ರೆ ಡಿಫರೆನ್ಷಿಯಲ್ ಒಳಗಿನ ಸೈಡ್ ಗೇರೂ ಅದೇ ಹಲ್ಲಿಂದು ಆಗಬೇಕು, ಬೇರಿಂಗ್ ಸೀಲೂ ಬದಲಾಗಬೇಕು. ಖರ್ಚು ಬರೀ ಶಾಫ್ಟಿಂದಲ್ಲ, ಮೊದಲೇ ಲೆಕ್ಕ ಹಾಕಿ.

ಎರಡನೇದು ಕಬ್ಬಿಣದ ಜಾತಿ. ಲೇತ್ ಅಂಗಡಿಯಲ್ಲಿ ಇಎನ್ 8, ಇಎನ್ 19, ಇಎನ್ 24 ಅಂತ ಕೇಳಿರ್ತೀರಿ. ಇಎನ್ 8 ಅಂದ್ರೆ ಸುಮಾರು ಶೇಕಡ 0.4 ಕಾರ್ಬನ್ ಇರೋ ಸಾದಾ ಉಕ್ಕು. ಇಎನ್ 19ರಲ್ಲಿ ಕ್ರೋಮಿಯಂ, ಮಾಲಿಬ್ಡಿನಂ ಸೇರಿರುತ್ತೆ. ಇಎನ್ 24ರಲ್ಲಿ ಅದರ ಜೊತೆ ನಿಕ್ಕಲ್ ಕೂಡ. ಹೊರದೇಶದ ಆಫ್ ರೋಡ್ ಗಾಡಿಯವರು 4340 ಕ್ರೋಮೋಲಿ ಅಂತ ಹೇಳೋದೂ ಹೆಚ್ಚುಕಡಿಮೆ ಇದೇ ಇಎನ್ 24. ಆದ್ರೆ ಜಾತಿ ಒಂದೇ ಸಾಲದು, ಹೀಟ್ ಟ್ರೀಟ್‌ಮೆಂಟ್ ಆಗಿರಬೇಕು. ಒಳ್ಳೇ ಉಕ್ಕಿನ ಸರಳು ತಂದು, ಲೇತಲ್ಲಿ ಕಡೆದು, ಹಲ್ಲು ಕೊರೆದು ಹಾಗೇ ಹಾಕಿದ್ರೆ ಅದು ಮುರಿಯಲ್ಲ, ಜಿಲೇಬಿ ಥರ ತಿರುಚಿಕೊಳ್ಳುತ್ತೆ. ಅತಿಯಾಗಿ ಗಡುಸು ಮಾಡಿ ಹದ ಇಳಿಸದೇ ಬಿಟ್ರೆ ಸೀಮೆಸುಣ್ಣದ ಥರ ಪಟ್ ಅಂತ ಮುರಿಯುತ್ತೆ. ಕಂಪನಿ ಶಾಫ್ಟುಗಳಲ್ಲಿ ತುಂಬಾ ಕಡೆ ಮೇಲ್ಮೈ ಮಾತ್ರ ಗಡುಸು ಮಾಡಿ ಒಳಗೆ ಮೆತ್ತಗೆ ಬಿಟ್ಟಿರ್ತಾರೆ. ತಿರುಚಿದಾಗ ಜಾಸ್ತಿ ಬಲ ಬೀಳೋದು ಮೇಲ್ಮೈಗೇ, ಒಳಗಿನ ಮೆತ್ತನೆ ಭಾಗ ಏಟು ತಡ್ಕೊಳ್ಳುತ್ತೆ. ಅದಕ್ಕೇ ಮಾಡಿಸೋರ ಹತ್ರ ಕೇಳಬೇಕಾದ ಪ್ರಶ್ನೆ ಎರಡು: ಯಾವ ಉಕ್ಕು, ಹೀಟ್ ಟ್ರೀಟ್‌ಮೆಂಟ್ ಆದ ಮೇಲೆ ಗಡಸುತನ ಎಷ್ಟು. ರಿಪೋರ್ಟ್ ಕೊಡೋರ ಹತ್ರ ತಗೊಳ್ಳಿ. ನನಗೆ ಒಂದು ಅಂಗಡಿಯಲ್ಲಿ "ಅದೆಲ್ಲ ಯಾಕೆ ಸಾರ್, ಗ್ಯಾರಂಟಿ ನಾನಿದ್ದೀನಲ್ಲ" ಅಂದ್ರು. ನಮಸ್ಕಾರ ಹೇಳಿ ಬಂದೆ.

ಮೂರನೇದು ಆಕಾರ. ಸ್ಪ್ಲೈನ್ ಮುಗಿಯೋ ಜಾಗದಲ್ಲಿ ಚೂಪು ಮೂಲೆ ಇದ್ರೆ ಬಿರುಕು ಅಲ್ಲೇ ಹುಟ್ಟುತ್ತೆ. ಆ ಜಾಗ ನುಣುಪಾಗಿ, ಇಳಿಜಾರಾಗಿ ಬಂದಿರಬೇಕು. ಇನ್ನೊಂದು ವಿಚಾರ ಕೇಳೋಕೆ ವಿಚಿತ್ರ ಅನ್ಸುತ್ತೆ. ಒಳ್ಳೇ ಶಾಫ್ಟಿನ ಮಧ್ಯದ ಭಾಗ ಹಲ್ಲಿನ ಬುಡದಷ್ಟೇ ದಪ್ಪ ಅಥವಾ ಒಂಚೂರು ಸಣ್ಣ ಇರುತ್ತೆ. ಮಧ್ಯದಲ್ಲಿ ದಪ್ಪ ಬಿಟ್ಟರೆ ಗಟ್ಟಿ ಅಂತ ನಾವು ಅಂದ್ಕೊಳ್ತೀವಿ. ಹಾಗೆ ಬಿಟ್ಟರೆ ತಿರುಚೆಲ್ಲಾ ಹಲ್ಲಿನ ಕೊನೆಯಲ್ಲೇ ಸೇರಿಕೊಳ್ಳುತ್ತೆ. ಒಂದೇ ಸಮ ಇದ್ದರೆ ಏಟು ಬಿದ್ದಾಗ ಇಡೀ ಉದ್ದ ಸ್ಪ್ರಿಂಗ್ ಥರ ಸ್ವಲ್ಪ ತಿರುಗಿ ವಾಪಸ್ ಬರುತ್ತೆ.

ನಾಲ್ಕನೇದು ಚಕ್ರದ ಕಡೆಯ ತುದಿ. ಹಳೇ ಜೀಪಿನ ಶಾಫ್ಟಿನ ಹೊರತುದಿ ಟೇಪರ್ ಇರುತ್ತೆ, ಹಬ್ ಬೇರೆ, ಮಧ್ಯೆ ಒಂದು ಕೀ, ಹೊರಗೆ ದೊಡ್ಡ ನಟ್. ನಟ್ ಒಂಚೂರು ಸಡಿಲ ಆದ್ರೂ ಬಲವೆಲ್ಲ ಆ ಸಣ್ಣ ಕೀ ಮೇಲೆ. ಕೀ ಕತ್ತರಿಸಿ ಹೋಗುತ್ತೆ, ಇಲ್ಲಾ ಶಾಫ್ಟಿನ ಕೀ ಜಾಗದಿಂದ ಬಿರುಕು ಬಿಡುತ್ತೆ. ಇದರ ಬದಲು ಶಾಫ್ಟು ಫ್ಲಾಂಜು ಒಂದೇ ತುಂಡಾಗಿ ಬರೋದು ವಾಸಿ. ಟೇಪರೇ ಇಟ್ಕೊಳ್ಳೋದಾದ್ರೆ ಟೇಪರಿಗೆ ಗ್ರೀಸ್ ಹಚ್ಚಬೇಡಿ, ಒರೆಸಿ ಒಣಗಿಸಿ ಕೂರಿಸಿ, ಟಾರ್ಕ್ ರೆಂಚಲ್ಲಿ ಬಿಗಿಸಿ, ಸ್ಪ್ಲಿಟ್ ಪಿನ್ ಹೊಸದು ಹಾಕಿ.

ಇಲ್ಲೇ ಇನ್ನೊಂದು ಮಾತು. ನಮ್ಮ ಜೀಪುಗಳ ಹಿಂದಿನ ಆಕ್ಸಲ್ ಹೆಚ್ಚಿನವು ಸೆಮಿ ಫ್ಲೋಟಿಂಗ್. ಅಂದ್ರೆ ಶಾಫ್ಟೇ ಚಕ್ರ ತಿರುಗಿಸಬೇಕು, ಗಾಡಿ ಭಾರವನ್ನೂ ಅದೇ ಹೊರಬೇಕು. ಹೊರಗಡೆ ಬೇರಿಂಗ್ ಹತ್ರ ಮುರಿದ್ರೆ ಚಕ್ರ, ಡ್ರಮ್ಮು ಎರಡೂ ಕಳಚಿ ಹೋಗಬಹುದು. ಡ್ರಮ್ ಹೋದ್ರೆ ಬ್ರೇಕ್ ಸಿಲಿಂಡರ್ ಪಿಸ್ಟನ್ ಹೊರಗೆ ಬಂದು ಆಯಿಲ್ ಚೆಲ್ಲುತ್ತೆ. ಹಳೇ ಜೀಪಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನು, ಹಾಗಾಗಿ ಬ್ರೇಕ್ ಪೂರ್ತಿ ಹೋಯ್ತು. ಗೌಡರ ಜೀಪಿಂದು ಒಳಗಡೆ ಹಲ್ಲಿನ ಹತ್ರ ಮುರಿದಿದ್ದಕ್ಕೆ ಕಾಲಿನ ಬ್ರೇಕ್ ಉಳೀತು. ಲಾರಿ ಹಿಂದಿನ ಚಕ್ರದ ಮಧ್ಯೆ ಬೋಲ್ಟ್ ಹಾಕಿದ ದುಂಡು ಫ್ಲಾಂಜ್ ಉಬ್ಬಿಕೊಂಡಿರುತ್ತಲ್ಲ, ಅದು ಫುಲ್ ಫ್ಲೋಟಿಂಗ್. ಅಲ್ಲಿ ಭಾರ ಹೊರೋದು ಹೌಸಿಂಗ್ ಮೇಲಿನ ಹಬ್ಬು, ಶಾಫ್ಟಿಗೆ ತಿರುಗಿಸೋ ಕೆಲಸ ಮಾತ್ರ. ಮುರಿದ್ರೂ ಚಕ್ರ ಜಾಗ ಬಿಡಲ್ಲ. ನಿಜವಾಗ್ಲೂ 33 ಇಂಚಿನ ಮೇಲೆ ಹೋಗಿ, ಲಾಕರ್ ಹಾಕಿ, ಲೋಡೂ ಹೊರಿಸ್ತೀನಿ ಅನ್ನೋರು ಆ ದಾರಿ ಯೋಚನೆ ಮಾಡಬೇಕು.

ಹಾಗಂತ ಶಾಫ್ಟ್ ಒಂದನ್ನೇ ಬಂಡೆ ಥರ ಮಾಡಿದ್ರೆ ಮುಗೀಲಿಲ್ಲ. ಏಟು ಮುಂದಿನ ದುರ್ಬಲ ಜಾಗ ಹುಡುಕುತ್ತೆ. ಕ್ರೌನ್ ಪಿನಿಯನ್, ಡಿಫರೆನ್ಷಿಯಲ್ ಒಳಗಿನ ಸಣ್ಣ ಗೇರು, ಪ್ರೊಪೆಲರ್ ಶಾಫ್ಟಿನ ಕ್ರಾಸ್. ಶಾಫ್ಟ್ ಆದ್ರೆ ರಸ್ತೆಯಲ್ಲೇ ಬದಲಾಯಿಸಬಹುದು, ಕ್ರೌನ್ ಪಿನಿಯನ್ ಹೋದ್ರೆ ಗಾಡಿ ವಾರಗಟ್ಟಲೆ ಶೆಡ್ಡಲ್ಲಿ. ಮುಂದಿನ ಆಕ್ಸಲ್ಲಿಗೂ ಒಂದು ಎಚ್ಚರ ಇದೆ. ಸ್ಟೇರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿಕೊಂಡು ಕೆಸರಲ್ಲಿ ಆಕ್ಸಿಲರೇಟರ್ ತುಳಿಯಬೇಡಿ. ಜಾಯಿಂಟ್ ಜಾಸ್ತಿ ಮಡಚಿದಷ್ಟೂ ಅದರ ಮೇಲೆ ಹೊರೆ ಜಾಸ್ತಿ. ಸ್ಟೇರಿಂಗ್ ನೇರ ಮಾಡಿ, ಆಮೇಲೆ ಎಳೆಸಿ.

ದೊಡ್ಡ ಟೈರಿನಿಂದ ಗೇರೂ ಉದ್ದ ಆಗುತ್ತೆ, ಅದೂ ಶೇಕಡ 18. ಏರಲ್ಲಿ ಎಂಜಿನ್ ಎಳೆಯಲ್ಲ, ಡ್ರೈವರ್ ಕ್ಲಚ್ ಅರ್ಧ ಹಿಡಿದು ಜಗ್ಗುತ್ತಾನೆ, ಆ ಜಗ್ಗೋದೇ ಶಾಫ್ಟಿಗೆ ಏಟು. ಕಾನೂನಿನ ವಿಚಾರವೂ ಇದೆ. ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸ ಬರೋ ಹಾಗೆ ಗಾಡಿ ಬದಲಾಯಿಸೋದಕ್ಕೆ ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಅಡ್ಡ ಬರುತ್ತೆ. ತೋಟದೊಳಗೆ ಓಡಾಡೋ ಗಾಡಿಯೇ ಸಂತೆಗೂ ಹೋಗುತ್ತೆ. ಇನ್ಷೂರೆನ್ಸಿನವರು ಮೊದಲು ನೋಡೋದೂ ಅದನ್ನೇ.

ನಾನು ಕೊನೆಗೆ ಮಾಡಿದ್ದು ಇಷ್ಟು. 33 ಇಂಚಿನ ಆಸೆ ಬಿಟ್ಟೆ. ನನ್ನ ಜೀಪು ಆಟಕ್ಕಲ್ಲ, ದಿನಾ ಜನ ಹೊರೋಕೆ. ಟೈರ್ ಕಂಪನಿ ಸೈಜಲ್ಲೇ, ಅಗಲ ಕಡಿಮೆ ಇರೋ ಆಳ ಗಡ್ಡೆಯದ್ದು ಹಾಕಿದೆ. ಅದು ಮೇಲಿನ ಕೆಸರು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತೆ. ಜೋರು ಮಳೆಯಲ್ಲಿ ಚೈನ್ ಸುತ್ತುತ್ತೀನಿ. ಎರಡೂ ಕಡೆಗೆ ಒಂದೇ ತುಂಡಿನ ಫ್ಲಾಂಜ್ ಇರೋ, ಇಎನ್ 24ರ, ಹೀಟ್ ಟ್ರೀಟ್‌ಮೆಂಟ್ ರಿಪೋರ್ಟ್ ಇರೋ ಶಾಫ್ಟ್ ಹಾಕಿಸಿದೆ. ಹಲ್ಲು ಹಳೇದರಷ್ಟೇ, ಹಾಗಾಗಿ ಡಿಫರೆನ್ಷಿಯಲ್ ಮುಟ್ಟಲಿಲ್ಲ. ಲಾಕರ್ ಬೇಡ ಅಂದೆ. ಮಗನಿಗೆ ಬೇಜಾರಾಯ್ತು. "ಅಪ್ಪಾ, ಎಲ್ಲರ ಜೀಪೂ ಎತ್ತರ ಇದೆ, ನಮ್ದು ಕುಳ್ಳ" ಅಂದ. ಹಿಂದೆ ಯಾರು ಕೂರ್ತಾರೆ ನೋಡು ಅಂದೆ. ಸುಮ್ಮನಾದ, ಒಪ್ಪಿದ್ನೋ ಇಲ್ವೋ ಗೊತ್ತಿಲ್ಲ.

ನೀವು ದೊಡ್ಡ ಟೈರ್ ಹಾಕಿ ಬಿಡಿ, ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ ಮಳೆಗೆ ಮುಂಚೆ ಇಷ್ಟು ಮಾಡಿ. ಶಾಫ್ಟ್ ಎರಡೂ ಎಳೆದು ಸೀಮೆಎಣ್ಣೆಯಲ್ಲಿ ತೊಳೆಯಿರಿ. ಹಲ್ಲುಗಳು ನೇರ ಇವೆಯಾ, ಹಗ್ಗದ ಥರ ಹೊಸೆದಿವೆಯಾ ನೋಡಿ. ಹೊಸೆದಿದ್ರೆ ಆ ಶಾಫ್ಟಿನ ಆಯಸ್ಸು ಮುಗೀತು. ಬಿರುಕು ನೋಡೋಕೆ ಸೀಮೆಎಣ್ಣೆಯಲ್ಲಿ ಸ್ವಲ್ಪ ಹೊತ್ತು ನೆನೆಸಿ, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಸವರಿ. ಬಿರುಕಿದ್ರೆ ಒಳಗಿನ ಎಣ್ಣೆ ಹೊರಬಂದು ಸುಣ್ಣದ ಮೇಲೆ ಕಪ್ಪು ಗೆರೆ ಮೂಡುತ್ತೆ. ಹೊಸ ಶಾಫ್ಟ್ ಹಾಕುವಾಗ ಉದ್ದಕ್ಕೂ ಪೇಂಟಲ್ಲಿ ಒಂದು ನೇರ ಗೆರೆ ಎಳೆಯಿರಿ. ಮುಂದಿನ ವರ್ಷ ಗೆರೆ ಬಳ್ಳಿ ಥರ ಸುತ್ತಿಕೊಂಡಿದ್ರೆ ಶಾಫ್ಟ್ ಸೋತಿದೆ ಅಂತ ಅರ್ಥ. ಹೌಸಿಂಗ್ ಆಯಿಲ್ ಹಾಲಿನ ಬಣ್ಣ ಆಗಿದ್ರೆ ಹಳ್ಳದ ನೀರು ಒಳಗೆ ಹೋಗಿದೆ, ಬದಲಾಯಿಸಿ. ಮುರಿದ ಶಾಫ್ಟಿಗೆ ವೆಲ್ಡಿಂಗ್ ಮಾಡಿಸಿ ಹಾಕೋದು ಮಾತ್ರ ಯಾವ ಕಾರಣಕ್ಕೂ ಬೇಡ. ವೆಲ್ಡಿನ ಬಿಸಿಗೆ ಹದ ಹೋಗಿ ಪಕ್ಕದಲ್ಲೇ ಮತ್ತೆ ಮುರಿಯುತ್ತೆ.

ನನ್ನ ಹಳೇ ಟೇಪರ್ ಶಾಫ್ಟ್ ಎರಡೂ ಸುಣ್ಣ ಹಚ್ಚಿ ನೋಡಿದ್ದೀನಿ, ಬಿರುಕಿಲ್ಲ, ಹಲ್ಲು ನೇರ ಇದೆ. ಗ್ರೀಸ್ ಹಚ್ಚಿ ಗೋಣಿಯಲ್ಲಿ ಸುತ್ತಿ ಶೆಡ್ಡಲ್ಲಿಟ್ಟಿದ್ದೀನಿ. ಕೊಯ್ಲಿನ ಮಧ್ಯೆ ಯಾರದ್ದಾದ್ರೂ ಮುರಿದು ಗಾಡಿ ನಿಂತ್ರೆ, ನಿಮ್ಮ ಹಲ್ಲಿನ ಲೆಕ್ಕ, ಉದ್ದ ಬರ್ಕೊಂಡು ಬನ್ನಿ. ಹೊಂದಿದ್ರೆ ಹೊಸದು ಬರೋವರೆಗೆ ಹಾಕ್ಕೊಂಡು ಓಡಿಸಿ. ಗೌಡರ ಮುರಿದ ತುಂಡೂ ನನ್ನ ಹತ್ರಾನೇ ಇದೆ, ಅನುಮಾನ ಇರೋರು ಬಂದು ಆ ಕಂದು ಗೆರೆ ಒಂದ್ಸಲ ನೋಡ್ಕೊಂಡು ಹೋಗಿ.